ನಸ ಏರಿತು, ಮಾನ ಹೋಯಿತು

ಮರಾಠಿಯಲ್ಲಿ ಕುತ್ತಿಗೆಗೆ ‘ಮಾನ’ ಎನ್ನುತ್ತಾರೆ. ಸೇಡಂನಿಂದ ಮದುವೆಯಾಗಿ ನಾಸಿಕಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, “ಮಾಝೀ ಮಾನ ಫಾರ್ ದುಖತೇ”, ನನ್ನ ಮಾನ ಬಹಳ ನೋಯುತ್ತಿದೆ, ಎಂದು ಮುಖ ಹಿಂಡಿದಳು. ಪಾಪ, ಅತ್ತೆ ನಾಲ್ಕು ಜನರ ಎದುರಿಗೆ ಏನೋ ಅಂದಿರಬೇಕು ಎಂದುಕೊಂಡು ನಾನು ಆಕೆಯನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ಬೆನ್ನು ಸವರಿ ಸಮಾಧಾನ ಮಾಡಿದೆ. ಆಕೆ ಕೇಳಲು ಬಂದದ್ದು ನೋವಿನ ಮುಲಾಮು. ಕುತ್ತಿಗೆಗೂ ಗೌರವಕ್ಕೂ ಒಂದೇ ಹೆಸರಿಟ್ಟ ಊರಿನಲ್ಲಿ ಎರಡನ್ನೂ ನೆಟ್ಟಗೆ ಇಟ್ಟುಕೊಂಡು ಬಾಳುವುದು ಎಷ್ಟು ಕಷ್ಟ ಎನ್ನುವುದು ನನಗೆ ಅರ್ಥವಾದದ್ದು ಮಾತ್ರ ಇತ್ತೀಚೆಗೆ.

ಇತ್ತೀಚೆಗೆ ಎಂದರೆ, ನನ್ನದೇ ಮಾನಕ್ಕೆ ಕುತ್ತು ಬಂದಾಗ. ನಾನು ಇಲ್ಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನಿವೃತ್ತಿ ಹತ್ತಿರದಲ್ಲಿದೆ. ಕುತ್ತಿಗೆಯ ಎರಡು ಮೂಳೆಗಳ ನಡುವೆ ಒಂದು ನರ ಸಿಕ್ಕಿಹಾಕಿಕೊಂಡಿದೆಯೆಂದು ಡಾಕ್ಟರು ಸ್ಕ್ಯಾನ್ ತೆಗೆಸಿ ಹೇಳಿದರು. ಈ ನರವನ್ನು ಮರಾಠಿಯವರೂ ಹಿಂದಿಯವರೂ ‘ನಸ’ ಎನ್ನುತ್ತಾರೆ. ಅದು ಎಳೆದು ಹಿಡಿದುಕೊಂಡರೆ ‘ನಸ ಚಢ್ ಗಯೀ’, ನಸ ಏರಿತು. ಎಲ್ಲಿಂದ ಎಲ್ಲಿಗೆ ಏರಿತು ಎಂದು ಯಾರೂ ಕೇಳುವುದಿಲ್ಲ. ನನ್ನದು ಕುತ್ತಿಗೆಯಲ್ಲಿ ಹತ್ತಿ ಬಲಗೈಯ ಕಿರುಬೆರಳಿನಲ್ಲಿ ಇಳಿಯುತ್ತದೆ, ಅದೂ ಹಗಲು ಹೊತ್ತಿನಲ್ಲಿ ಮಾತ್ರ. ರಾತ್ರಿ ಮಲಗಿದರೆ ಸಂಭಾವಿತನಂತೆ ಸುಮ್ಮನಿರುತ್ತದೆ. ಬೆಳಿಗ್ಗೆ ನಾನು ಕೈ ಮೇಲೆತ್ತಿದೆನೋ, ಹಾಜರ್. ಸರ್ಕಾರಿ ನೌಕರರಲ್ಲಿ ಇಷ್ಟು ಸಮಯಪಾಲನೆ ನಾನು ಕಂಡಿಲ್ಲ.

ನನ್ನ ಬಲಗೈಗೆ ಹಗಲಿನಲ್ಲಿ ಎರಡು ಕೆಲಸ. ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿಯುವುದು, ಆಮೇಲೆ ಹೋಗಿ ಹಲಗೆಯ ಮೇಲೆ ಬರೆಯುವುದು. ನೋವಿನ ಸುದ್ದಿ ಹಬ್ಬಿದಾಗ ನಮ್ಮ ಬಳಗದಲ್ಲಿ ಚರ್ಚೆಯೇ ಆಗಲಿಲ್ಲ, ತೀರ್ಪು ಸಿದ್ಧವಾಗಿತ್ತು. “ನೌಕರಿ ಬಿಟ್ಟುಬಿಡು, ಯಾಕ ತ್ರಾಸ ಮಾಡ್ಕೋತಿ?” ಎಂದರು ನಮ್ಮವರು, ಎರಡನೆಯ ರೊಟ್ಟಿ ಮುರಿಯುತ್ತಾ. ಛತ್ರಪತಿ ಸಂಭಾಜಿನಗರದಲ್ಲಿರುವ ಅವರ ಅಕ್ಕ ಕಸ್ತೂರಕ್ಕ ಫೋನಿನಲ್ಲಿ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಹಲಗೆ ಬಿಡು ಎಂದ ಇಷ್ಟು ಜನರಲ್ಲಿ ರೊಟ್ಟಿಯ ಹಂಚು ಬಿಡು ಎಂದವರು ಒಬ್ಬರೂ ಇರಲಿಲ್ಲ. ರೊಟ್ಟಿ ಬಡಿಯುವುದರಿಂದ ಕುತ್ತಿಗೆ ನೋಯುತ್ತದೆಂದು ಕಂಡುಹಿಡಿಯುವಷ್ಟು ನಮ್ಮ ಮನೆಯಲ್ಲಿ ವಿಜ್ಞಾನ ಮುಂದುವರಿದಿಲ್ಲ.

ನನಗೆ ಹಲಗೆ ಬಿಡುವ ಮನಸ್ಸಿರಲಿಲ್ಲ. ಬಿಗಿದುಕೊಂಡಿದ್ದ ಒಂದು ಲೆಕ್ಕ ಹಲಗೆಯ ಮೇಲೆ ಮೂರನೆಯ ಸಾಲಿಗೆ ಸಡಿಲವಾಗಿ ಬಿಚ್ಚಿಕೊಳ್ಳುವಾಗ, ಕೊನೆಯ ಬೆಂಚಿನವನು ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾನಲ್ಲ, ಆ ಗಳಿಗೆ ನನಗೆ ಬೇಕು. ಅದಿಲ್ಲದೆ ನಾನು ಬರೀ ರೊಟ್ಟಿಯಾಗಿ ಉಳಿಯುತ್ತೇನೆ ಎನ್ನುವ ಭಯವೂ ಇತ್ತು. ಆದರೆ ಇಂಗ್ಲಿಷ್ ಔಷಧದ ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತ್ತು. ಇನ್ನು ಒಂದನ್ನೂ ನುಂಗಬೇಡಿ ಎಂದು ಡಾಕ್ಟರು ಕೈಮುಗಿದರು. ಮಲಗಿಸುವ ಔಷಧಗಳು ಬೇಕಾದಷ್ಟಿದ್ದವು, ಮಲಗಿಕೊಂಡು ಪಾಠ ಹೇಳಲು ಬರುತ್ತದೆಯೆ? ತರಗತಿಯಲ್ಲಿ ನಿದ್ದೆ ಮಾಡುವುದು ಮಕ್ಕಳ ಹಕ್ಕು, ಅದನ್ನು ನಾನು ಕಸಿದುಕೊಳ್ಳಬಾರದು.

ಹೀಗಿರುವಾಗ ಸಹೋದ್ಯೋಗಿಯೊಬ್ಬರು ಒಬ್ಬ ಆಯುರ್ವೇದ ವೈದ್ಯೆಯ ಹೆಸರು ಹೇಳಿದರು. ಆಕೆ ‘ವಿಜಯಾ’ ಕೊಡುತ್ತಾರಂತೆ. ವಿಜಯಾ ಎಂದರೆ ಯಾರು ಎಂದು ಕೇಳಿದರು ನಮ್ಮವರು. ಭಂಗಿ ಸೊಪ್ಪು ಎಂದೆ. ಅವರು ಎದ್ದುಹೋಗಿ ಕಿಟಕಿ ಮುಚ್ಚಿ ಬಂದರು.

ಆ ರಾತ್ರಿ ನಾನು ಅಂತರ್ಜಾಲದಲ್ಲಿ ಹುಡುಕಿದೆ. ಪರದೇಶದವರು ಇದನ್ನು ಆರಿಸಿಕೊಳ್ಳುವ ಪರಿ ನೋಡಬೇಕು. ಇದು ಹಗಲಿಗೆ, ಇದು ಇಳಿಹೊತ್ತಿಗೆ, ಇದು ಮಲಗುವಾಗ. ಇದನ್ನು ಸೇದಿದರೆ ಹಾಡು ಬರೆಯಬಹುದು, ಇದನ್ನು ಸೇದಿದರೆ ಮನೆ ಗುಡಿಸಬಹುದು. ಒಂದೊಂದು ತಳಿಗೂ ಐಸ್‌ಕ್ರೀಮಿನ ಹೆಸರು, ನಿಂಬೆಯ ವಾಸನೆ, ದೇವದಾರಿನ ವಾಸನೆ. ನಮ್ಮಲ್ಲಿ ವರನನ್ನು ಆರಿಸುವಾಗಲೂ ಇಷ್ಟು ವಿವರ ಕೊಡುವುದಿಲ್ಲ. ನಮ್ಮವರನ್ನು ನನಗೆ ತೋರಿಸಿದಾಗ ಹೇಳಿದ್ದು ಬ್ಯಾಂಕಿನಲ್ಲಿದ್ದಾನೆ ಎಂದಷ್ಟೆ. ಹಗಲಿಗೋ ರಾತ್ರಿಗೋ ಎಂದು ಯಾರೂ ತಿಳಿಸಲಿಲ್ಲ.

ನಮ್ಮ ಹಿಂದಿನವರು ಇದಕ್ಕೆ ಇಟ್ಟ ಹೆಸರುಗಳು ಇನ್ನೂ ಚೆನ್ನ. ವಿಜಯಾ, ಜಯಾ, ಮಾದಿನಿ. ಹಳೆಯ ವೈದ್ಯ ನಿಘಂಟುಗಳಲ್ಲಿ ಇನ್ನೊಂದು ಹೆಸರಿದೆ: ಮಾತುಲಾನಿ. ಸಂಸ್ಕೃತದಲ್ಲಿ ಮಾತುಲಾನಿ ಎಂದರೆ ಸೋದರಮಾವನ ಹೆಂಡತಿ. ಯಾವ ಋಷಿಗೆ ಯಾವ ಮಾಮಿಯ ಕೈಯಲ್ಲಿ ಏನು ಅನುಭವವಾಗಿತ್ತೋ, ತಿಳಿಯದು. ಕಸ್ತೂರಕ್ಕನ ಮಕ್ಕಳಿಗೆ ನಾನೇ ಸೋದರಮಾವನ ಹೆಂಡತಿ. ಅಂದಮೇಲೆ ನಿಘಂಟಿನ ಪ್ರಕಾರ ನಾನು ಮದುವೆಯಾದ ದಿನದಿಂದಲೂ ಭಂಗಿ ಸೊಪ್ಪೇ. ಈ ಶೋಧ ಮುಂದೆ ಎಷ್ಟು ನಿಜವಾಯಿತು ಎಂದು ಹೇಳುತ್ತೇನೆ.

ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ನನ್ನ ಸ್ಕ್ಯಾನು, ಹಳೆಯ ಗುಳಿಗೆಗಳ ಹೆಸರು ಎಲ್ಲವನ್ನೂ ನೋಡಿ, ಮೇಜಿನ ಮೇಲೆ ಎರಡು ಪುಟ್ಟ ಸೀಸೆ ಇಟ್ಟರು. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಚಂದ್ರ ಮಂಪರು ತರುತ್ತಾನೆ, ಸೂರ್ಯನಲ್ಲಿ ಮತ್ತಿನ ಅಂಶ ತೀರಾ ಕಡಿಮೆ. ನಿಮಗೆ ಸೂರ್ಯ ಸಾಕು ಎಂದರು. ಮೊದಲು ಕಾಲೇಜಿಲ್ಲದ ದಿನ ಮನೆಯಲ್ಲೇ ನೋಡಿ, ತೀರಾ ಸ್ವಲ್ಪದಿಂದ ಶುರು ಮಾಡಿ, ಸ್ಕೂಟರ್ ಮುಟ್ಟಬೇಡಿ, ಬೇರೆ ಗುಳಿಗೆಯ ಜೊತೆ ಬೆರೆಸಬೇಡಿ, ಪವಾಡವನ್ನಂತೂ ನಿರೀಕ್ಷಿಸಲೇಬೇಡಿ. ಮತ್ತೇರಿದರೆ ತಿಳಿಯುವುದು ಹೇಗೆ ಎಂದು ನಾನು ಕೇಳಿದೆ. “ನಿಮಗೆ ಸುಲಭವಾಗಿ ಬರುವ ಯಾವುದನ್ನಾದರೂ ಮಾಡಿ ನೋಡಿ, ತಪ್ಪಿದರೆ ನನಗೆ ಹೇಳಿ” ಎಂದರು. ನನಗೆ ಸುಲಭವಾಗಿ ಬರುವುದು ಮಗ್ಗಿ. ಹದಿನೇಳರ ಮಗ್ಗಿಯನ್ನು ಪರೀಕ್ಷೆಗೆ ಗೊತ್ತುಮಾಡಿದೆ.

ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ನಸ ಏರಿ, ಕುತ್ತಿಗೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ ಎಂದು ನಿಂತುಬಿಟ್ಟಿತು. ಸೂರ್ಯನ ನಾಲ್ಕು ಹನಿಯನ್ನು ನಾಲಿಗೆಯ ಕೆಳಗೆ ಬಿಟ್ಟುಕೊಂಡು ಬಾಲ್ಕನಿಯ ಜೋಕಾಲಿಯಲ್ಲಿ ಕೂತೆ. ಆಗಲೇ ನನ್ನ ಫೋನು ಒಳಗೆ ಬಡಿದುಕೊಂಡಿತು. ಎತ್ತಿದವಳು ನನ್ನ ಮಗಳು ಗೌರಿ. ನಾಸಿಕದಲ್ಲೇ ಹುಟ್ಟಿ ಬೆಳೆದ ಗೌರಿಗೆ ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತದೆ, ಮಾತಾಡಿದರೆ ಕೇಳುವವರಿಗೆ ಅರ್ಧ ತಿಳಿಯುತ್ತದೆ. ಆ ಕಡೆ ಕಸ್ತೂರಕ್ಕ. ಅವರ ಹತ್ತಿರ ಮರಾಠಿಯಲ್ಲಿ ಮಾತಾಡಿದರೆ ಮಗಳಿಗೆ ತಾಯಿ ಏನೂ ಕಲಿಸಿಲ್ಲ ಎನ್ನುತ್ತಾರೆ. ಅದಕ್ಕೇ ನನ್ನ ಗೌರವ ಕಾಪಾಡಲು ಗೌರಿ ಅವತ್ತು ಶುದ್ಧ ಕನ್ನಡಕ್ಕೆ ಕೈಹಾಕಿದಳು.

“ಆತ್ಯಾ, ಮಮ್ಮೀದು ನಸ ಏರ್ಯಾದ. ಮಾನ ಪೂರ್ತಿ ಹೋಗ್ಯಾದ. ಈಗ ಭಾಂಗ್ ತಗೊಂಡು ಝೂಲಾ ಮ್ಯಾಲ ಕುಂತಾಳ.”

ಆ ಕಡೆ ಫೋನು ಇಟ್ಟ ಸದ್ದಾಯಿತಂತೆ.

ಕಸ್ತೂರಕ್ಕನಿಗೆ ಮರಾಠಿ ಬಾರದೆ ಏನಿಲ್ಲ, ಇಡೀ ಸಂಭಾಜಿನಗರದ ತರಕಾರಿ ಮಂಡಿ ಅವರ ಮರಾಠಿಗೆ ಹೆದರುತ್ತದೆ. ಆದರೆ ಕನ್ನಡದ ವಾಕ್ಯದಲ್ಲಿ ಬಂದ ಮಾನವನ್ನು ಅವರು ಕನ್ನಡದ ಮಾನವೆಂದೇ ತಿಳಿದರು. ‘ನಸ’ ಅವರ ಕಿವಿಗೆ ‘ನಶಾ’ ಆಗಿ ತಲುಪಿತು. ತಮ್ಮನ ಹೆಂಡತಿಗೆ ನಶೆ ಏರಿದೆ, ಮಾನ ಪೂರ್ತಿ ಹೋಗಿದೆ. ಇನ್ನೇನು ಕೇಳಬೇಕು? ಅವರು, ಅವರ ಯಜಮಾನರು, ಕಾರು, ಮೂರೂ ಹೊರಟವು. ದಾರಿಯಲ್ಲಿ ವೈಜಾಪುರದಲ್ಲಿ ಚಹಾಕ್ಕೂ ನಿಲ್ಲಲಿಲ್ಲವೆಂದು ಆಮೇಲೆ ತಿಳಿಯಿತು.

ಅವರು ಬಂದಾಗ ಮಧ್ಯಾಹ್ನ. ಬೆಳಗಿನ ಹನಿಯಿಂದ ಮತ್ತೂ ಇರಲಿಲ್ಲ, ಪವಾಡವೂ ಇರಲಿಲ್ಲ. ಆದರೆ ನೋವು ಒಂದು ಹೆಜ್ಜೆ ಹಿಂದೆ ಸರಿದು ನಿಂತಿತ್ತು, ಕುತ್ತಿಗೆ ತಿರುಗುತ್ತಿತ್ತು. ಖುಷಿಯಲ್ಲಿ ನಾನು ಕಣ್ಣು ಮುಚ್ಚಿ ಜೋಕಾಲಿ ತೂಗಿಕೊಳ್ಳುತ್ತಾ, ಮತ್ತೊಮ್ಮೆ ಪರೀಕ್ಷಿಸೋಣವೆಂದು “ಹದಿನೇಳ್ ಆರ್ಲೆ ನೂರಾ ಎರಡು, ಹದಿನೇಳ್ ಏಳ್ಲೆ ನೂರಾ ಹತ್ತೊಂಬತ್ತು” ಎಂದು ರಾಗವಾಗಿ ಹೇಳಿಕೊಳ್ಳುತ್ತಿದ್ದೆ. ಕಣ್ಣು ಬಿಟ್ಟಾಗ ಕಸ್ತೂರಕ್ಕ ಎದುರಿಗಿದ್ದರು. ಕಣ್ಣಲ್ಲಿ ನೀರು.

“ನೋಡ್ರಿ, ಹ್ಯಾಂಗ್ ಬಡಬಡಸ್ಲತ್ತಾಳ ನೋಡ್ರಿ” ಎಂದರು ಯಜಮಾನರಿಗೆ, ನಾವು ‘ಮಾವ’ ಎಂದು ಕರೆಯುವವರಿಗೆ.

“ಅಕ್ಕಾ, ನಶಾ ಅಲ್ರೀ, ನಸ. ನರ” ಎಂದೆ. ವೈದ್ಯರ ಚೀಟಿ ತೋರಿಸಿದೆ, ಸೀಸೆಯ ಮೇಲಿನ ಸೂರ್ಯನನ್ನು ತೋರಿಸಿದೆ. ಬೇಕಾದರೆ ಹತ್ತೊಂಬತ್ತರ ಮಗ್ಗಿ ಹೇಳಲೆ ಎಂದೂ ಕೇಳಿದೆ. ಮಾವ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಾ, ಕರುಣೆಯಿಂದ ತಲೆಯಾಡಿಸಿದರು. “ಎಲ್ಲಾರೂ ಹಿಂಗೇ ಅಂತಾರವ್ವ. ನಶಾ ಇದ್ದವ್ರು ನಂಗ ನಶಾ ಅದ ಅಂತ ಯಾರ್ ಹೇಳ್ತಾರ?” ಎಂದು ತಂಬಾಕನ್ನು ತುಟಿಯ ಕೆಳಗಿಟ್ಟುಕೊಂಡರು. ಮುಂದಿನ ಉಪದೇಶ ತುಂಬಿದ ಬಾಯಿಂದ ಬಂದದ್ದರಿಂದ ಅರ್ಧ ತಿಳಿಯಲಿಲ್ಲ.

ನಮ್ಮವರು ಅಕ್ಕನಿಗೆ ನೀರು ತಂದುಕೊಟ್ಟರು. ಹಿಂದಿನ ತಿಂಗಳು ಬ್ಯಾಂಕಿನವರೊಡನೆ ದ್ರಾಕ್ಷಿ ತೋಟಕ್ಕೆ ಹೋಗಿ, ಹಾಡಹಗಲೇ ಐದು ಬಗೆಯ ವೈನು ಮೂಸಿ, ಗುಟುಕರಿಸಿ, ‘ಓಕ್ ಮರದ ಘಮ ಇತ್ತು’ ಎಂದು ಬಂದವರು ಇವರು. ನಾಸಿಕದಲ್ಲಿ ಅದಕ್ಕೆ ಪ್ರವಾಸ ಎನ್ನುತ್ತಾರೆ. ಅವರನ್ನು ಉಳಿಸಲು ಯಾರೂ ಕಾರು ಹತ್ತಲಿಲ್ಲ. ಶಿವರಾತ್ರಿಗೆ ತ್ರ್ಯಂಬಕಕ್ಕೆ ಹೋಗಿ ಬರುವಾಗ ಇದೇ ಮಾವ ಭಂಗಿ ಹಾಕಿದ ಥಂಡಾಯಿಯ ಎರಡು ಲೋಟ ಏರಿಸಿ, ನಮ್ಮ ಮೆಟ್ಟಿಲಲ್ಲಿ ಕೂತು ತಮ್ಮ ಚಪ್ಪಲಿಗೆ ನಮಸ್ಕಾರ ಮಾಡಿದ್ದರು. ಅದು ಭಕ್ತಿ. ಅದೇ ಸೊಪ್ಪು ಚೀಟಿಯ ಮೇಲೆ ಹೆಸರು ಬರೆಸಿಕೊಂಡು, ಹನಿ ಎಣಿಸಿಕೊಂಡು, ಹೆಂಗಸಿನ ಕುತ್ತಿಗೆಗೆ ಬಂದರೆ ಮಾತ್ರ ಚಟ.

ಆದರೆ ನನಗೆ ಚುಚ್ಚಿದ್ದು ಇದಲ್ಲ. ಎಷ್ಟೋ ಸಮಯದಿಂದ ನಾನು ನೋಯುತ್ತದೆ, ನೋಯುತ್ತದೆ ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಿದ್ದೆ. ಆಗ ಸಂಭಾಜಿನಗರ ಬಹಳ ದೂರವಿತ್ತು. ನೋವಿಗೆ ಬಾರದವರು ನಶೆಗೆ ಊಟವಿಲ್ಲದೆ ಓಡಿ ಬಂದಿದ್ದರು. ಒಂದು ಅಕ್ಷರ ಏರುಪೇರಾದ ಕೂಡಲೇ ನಾನು ಎಲ್ಲರ ಕಣ್ಣಿಗೆ ಕಂಡುಬಿಟ್ಟೆ. ಕೆಟ್ಟು ಹೋದರೆ ಮಾತ್ರ ಕಾಣಿಸುವುದು ಫ್ರಿಜ್ಜು, ಗೀಸರುಗಳ ಪಾಡು ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅಳುವೇ ಬಂತು. ಅದನ್ನು ಕಂಡು ಕಸ್ತೂರಕ್ಕ, “ಇಳೀಲತ್ತದ, ನಶಾ ಇಳೀಲತ್ತದ” ಎಂದು ನನ್ನ ತಲೆ ಸವರಿದರು.

ಹೋಗಲಿ, ಬಂದವರಿಗೆ ಊಟ ಹಾಕಬೇಕಲ್ಲ ಎಂದು ನಾನು ಎದ್ದು ಅಡುಗೆಮನೆಯ ಕಡೆ ಹೊರಟೆ. ಕಸ್ತೂರಕ್ಕ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡ! ನಶಾದಾಗ ಬೆಂಕಿ ಹಂತ್ಯಾಕ ಹೋಗ್ಬಾರದು. ಇವತ್ತಿನಿಂದ ನೀ ಹಂಚು ಮುಟ್ಟಂಗಿಲ್ಲ.”

ನಾನು ನಿಂತೆ. “ಏನಂದ್ರೀ?”

“ಹಂಚು ಮುಟ್ಟಂಗಿಲ್ಲ ಅಂದೆ. ಒಣಗಿಸಿದ್ದ ಕಟಕ ರೊಟ್ಟಿ ನಾ ಕಳಸ್ತೀನಿ. ಪಲ್ಯಾ ಇವ ಮಾಡ್ತಾನ” ಎಂದು ತಮ್ಮನತ್ತ ಬೆರಳು ತೋರಿಸಿದರು. ಬ್ಯಾಂಕಿನಲ್ಲಿ ಹತ್ತು ಜನರನ್ನು ನಡುಗಿಸುವ ನಮ್ಮವರು ಅಕ್ಕನ ಎದುರು ಹೂಂ ಎಂದರು.

ನಾನು ಮೆಲ್ಲಗೆ ಕೇಳಿದೆ: “ಮತ್ತ ನೌಕರಿ? ಅದನ್ನೂ ಬಿಟ್ಟುಬಿಡ್ಲೇನ್ರೀ?”

ಇದಕ್ಕೆ ಮಾವ ಬಾಯಿಯ ತಂಬಾಕನ್ನು ಉಗುಳಿ ಬಂದು ಉತ್ತರಿಸಿದರು. “ಹಂಗ ಮಾಡಬ್ಯಾಡ್ರಿ. ಮನ್ಯಾಗ ಖಾಲಿ ಕುಂತ್ರ ಚಟ ಹೆಚ್ಚಾಗ್ತದ. ಕಾಲೇಜಿಗಿ ತಪ್ಪದಂಗ ಹೋಗ್ಬೇಕು.”

ಬೆಂಕಿಯ ಹತ್ತಿರ ಬೇಡ ಎಂದವರು ಕಲನಶಾಸ್ತ್ರದ ಹತ್ತಿರ ಹೋಗು ಎಂದರು. ಮತ್ತಿನಲ್ಲಿ ರೊಟ್ಟಿ ಸೀಯಬಹುದು, ಗಣಿತ ಸೀಯುವುದಿಲ್ಲ ಎಂದು ಅವರ ಎಣಿಕೆ. ನಾನು ಕೈಯಲ್ಲಿದ್ದ ವೈದ್ಯರ ಚೀಟಿಯನ್ನು ಮಡಿಸಿ ಒಳಗಿಟ್ಟೆ. ನಸ, ನರ ಎಂದು ವಿವರಿಸುವುದನ್ನು ಅಲ್ಲಿಗೇ ನಿಲ್ಲಿಸಿ, ತಲೆ ತಗ್ಗಿಸಿದೆ. ತಪ್ಪೊಪ್ಪಿಕೊಂಡವಳ ಹಾಗೆ ಕಾಣಿಸಿರಬೇಕು. ಕುತ್ತಿಗೆ ತಗ್ಗುತ್ತದೆಯೇ ಎಂದು ನೋಡುವುದೂ ಇತ್ತು, ತಗ್ಗಿತು.

ಅಂದಿನಿಂದ ಸಂಭಾಜಿನಗರದಿಂದ ಎಸ್‌ಟಿ ಬಸ್ಸಿನಲ್ಲಿ ರೊಟ್ಟಿಯ ಗಂಟು ಬರುತ್ತದೆ. ನಮ್ಮವರು ಬದನೆಕಾಯಿ ಪಲ್ಯ ಮಾಡಲು ಕಲಿತಿದ್ದಾರೆ. ಅದರಲ್ಲಿ ಓಕ್ ಮರದ ಘಮವೇನೂ ಇಲ್ಲ, ತಳ ಹಿಡಿದ ವಾಸನೆ ಇರುತ್ತದೆ, ಉಣ್ಣಬಹುದು. ಮೊನ್ನೆ ವೈದ್ಯೆಯ ಹತ್ತಿರ ಹೋದಾಗ ಹೇಗಿದೆ ಎಂದು ಕೇಳಿದರು. ಕೈ ಭುಜದ ಮೇಲೆ ಏಳುತ್ತದೆ, ಹಲಗೆಯ ಮೇಲಿನ ಸಾಲಿಗೂ ಮುಟ್ಟುತ್ತದೆ ಎಂದೆ. ಅವರಿಗೆ ಸಂತೋಷವಾಯಿತು. ಗುಣ ಕೊಟ್ಟದ್ದು ಸೂರ್ಯನ ಹನಿಯೋ, ಹಂಚು ಬಿಟ್ಟದ್ದೋ ಎಂದು ಅವರು ಕೇಳಲಿಲ್ಲ. ಎರಡು ಅಜ್ಞಾತಗಳಿದ್ದು ಸಮೀಕರಣ ಒಂದೇ ಇದ್ದರೆ ಬಿಡಿಸಲು ಬರುವುದಿಲ್ಲ, ಇದು ಮೊದಲ ವರ್ಷದ ಮಕ್ಕಳಿಗೂ ಗೊತ್ತು.

ಕೊರಗುತ್ತಿರುವವಳು ಗೌರಿ ಒಬ್ಬಳೇ. ತನ್ನ ಕನ್ನಡದಿಂದಾಗಿ ತಾಯಿಯ ಹೆಸರು ಕೆಟ್ಟಿತೆಂದು ಅವಳಿಗೆ ಹಳಹಳಿ. ನಿನ್ನೆ ಮತ್ತೆ ಬಂದು ಪಕ್ಕದಲ್ಲಿ ಕೂತಳು. “ಮಮ್ಮಿ, ಆತ್ಯಾಗ ಫೋನ್ ಮಾಡಿ ಸಮಜಾಯಿಸ್ಲಾ? ನಸ ಅಂದ್ರ ನರ, ಮಾನ ಅಂದ್ರ ಕುತ್ತಿಗಿ ಅಂತ? ಈಗ ನಾ ನೀಟ್ ಹೇಳ್ತೀನಿ.”

ನಾನು ಜೋಕಾಲಿಯಲ್ಲಿ ಕುತ್ತಿಗೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡಿದೆ. ಒಳಗಿನಿಂದ ನಮ್ಮವರು ಸೌಟು ಆಡಿಸುವ ಸದ್ದು ಬರುತ್ತಿತ್ತು.

“ಬ್ಯಾಡ ಮಗಳ” ಎಂದೆ. “ನನ್ನ ಮಾನ ಈಗೇ ಛಲೋ ಅದ.”