ತಾಳಕ್ಕೆ ಬಿದ್ದ ಗೋಡೆ

ಮಳೆ, ಬೆಂಕಿ, ಭೂಕಂಪಗಳನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತಲ್ಲೇ ಸೃಷ್ಟಿಸಿಬಿಡುವ ಈ ಕಾಲದಲ್ಲಿ, ಕ್ಯಾಮೆರಾದ ಎದುರು ಬೀಳುವುದು ನಿಜವಾಗಿಯೇ ಬೀಳಬೇಕು, ಒಡೆಯುವುದು ನಿಜವಾಗಿಯೇ ಒಡೆಯಬೇಕು ಎಂದು ಹಟ ಹಿಡಿದ ಕಲಾ ನಿರ್ದೇಶಕರಲ್ಲಿ ನಮ್ಮ ಗೋಡೆಯಕ್ಕನವರು ಅಗ್ರಗಣ್ಯರು. ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಸೆಟ್ಟಿನ ಗೋಡೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲದ ಕಾರಣ ನಮ್ಮ ಕಾರ್ಯಾಗಾರ ಕೊಟ್ಟ ಹೆಸರೇ ಉಳಿಯಿತು. ಅವರ ಶಿಷ್ಯನಾಗಿ, ಅವರ ಬೈಗುಳ ತಿಂದೇ ಬೆಳೆದ ನನಗೆ ಅವರ ನಿವೃತ್ತಿಯ ಬಗ್ಗೆ ಬರೆಯಲು ಮನಸ್ಸೇ ಬರುತ್ತಿಲ್ಲ.

ನಾಟಕದ ಪರದೆಗಳಿಗೆ ಬಣ್ಣ ಬಳಿಯುತ್ತ ವೃತ್ತಿ ಆರಂಭಿಸಿದ ಅವರು ಮುಂದೆ ಸಿನಿಮಾಗಳಿಗೂ ಮ್ಯೂಸಿಕ್ ವಿಡಿಯೊಗಳಿಗೂ ಕಟ್ಟಿಕೊಟ್ಟ ಮನೆಗಳಿಗೆ ಲೆಕ್ಕವಿಲ್ಲ. ಯಾವ ಹಾಡಿಗೆ ಸೆಟ್ಟು ಕಟ್ಟುತ್ತೇವೋ ಆ ಹಾಡು ಬಾಯಿಪಾಠವಾಗದವರು ಗರಗಸ ಮುಟ್ಟಬಾರದೆಂಬುದು ಅವರ ಕಟ್ಟಳೆ. ನಮ್ಮ ಬಡಗಿಯಣ್ಣ ಬಾಯಿ ತೆರೆದರೆ ಬೆಕ್ಕು ಕೂಡ ಕಾರ್ಯಾಗಾರ ಬಿಟ್ಟು ಓಡುತ್ತಿತ್ತು; ಆದರೂ ಅವನಿಗೆ ರಿಯಾಯಿತಿ ಸಿಗಲಿಲ್ಲ. ಇಷ್ಟು ನಿಷ್ಠುರವಾಗಿದ್ದವರೇ, ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ನನ್ನ ಪಾಲಿನ ಕಿಟಕಿಗಳಿಗೆಲ್ಲ ತಾವೇ ಬಣ್ಣ ಬಳಿದು, ನಾನು ಮರಳಿದಾಗ "ನಿನ್ನ ಕಿಟಕಿ ಚೆನ್ನಾಗಿ ಬಂದಿವೆ ಕಣೋ" ಎಂದಷ್ಟೇ ಹೇಳಿದರು.

ಅವರ ಹಟಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು ಒಂದು ಪ್ರಯೋಗಶೀಲ ಮ್ಯೂಸಿಕ್ ವಿಡಿಯೊದಲ್ಲಿ. ಗಾಯಕಿ ನಿಂತು ಹಾಡುತ್ತಿರುವಂತೆಯೇ ಸುತ್ತಲಿನ ಕೋಣೆ ತಾಳಕ್ಕೆ ಸರಿಯಾಗಿ ತುಂಡು ತುಂಡಾಗಿ ಕಳಚಿ ಬೀಳಬೇಕಿತ್ತು. ಕಂಪ್ಯೂಟರಿನಲ್ಲೇ ಬೀಳಿಸೋಣವೆಂದ ನಿರ್ದೇಶಕರು ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಇರುವುದು ಒಂದೇ ಕೋಣೆ, ಸಿಗುವುದು ಒಂದೇ ಅವಕಾಶ, ಕೆಟ್ಟರೆ ಇದೂ ಮುಂದಿನ ಹಾಡುಗಳೂ ಕಂಪ್ಯೂಟರಿನವರ ಪಾಲು. ಆಗ ಬೇರೆ ಕೆಲಸವಿಲ್ಲದ ನಮ್ಮ ಕಾರ್ಯಾಗಾರಕ್ಕೆ ಬೀಗ ಬೀಳುವ ಮಾತು ಅದು. ಅಕ್ಕ ಹಗುರವಾದ ಹಲಗೆ, ಥರ್ಮಾಕೋಲುಗಳಿಂದ ಗೋಡೆ ಕಟ್ಟಿಸಿ, ಒಂದೊಂದು ತುಂಡನ್ನೂ ಒಂದೊಂದು ಮೊಳೆಯ ಮೇಲೆ ನಿಲ್ಲಿಸಿ, ಮೊಳೆಗೆ ಕಟ್ಟಿದ ದಾರವನ್ನು ಗೋಡೆಯ ಹಿಂದೆ ಕಪ್ಪು ಪರದೆಯ ಮರೆಯಲ್ಲಿ ಅವಿತ ನಮ್ಮ ಕೈಗಿತ್ತರು. ಹಾಡು ಎಲ್ಲರಿಗೂ ಕರಗತವಾಗಿತ್ತು. ಯಾವ ಪದಕ್ಕೆ ಯಾರು ಎಳೆಯಬೇಕೆಂದು ಯಾರೂ ಹೇಳಬೇಕಿರಲಿಲ್ಲ.

ಚಿತ್ರೀಕರಣದ ಬೆಳಿಗ್ಗೆ ನಿರ್ದೇಶಕರು ದೃಶ್ಯ ನಿಧಾನಗತಿಯಲ್ಲಿ ಇರಲಿ ಎಂದುಬಿಟ್ಟರು. ಅಂದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ ಚಿತ್ರೀಕರಿಸಿ, ಆಮೇಲೆ ನಿಧಾನಗೊಳಿಸಬೇಕು. ಕಲಿತದ್ದೆಲ್ಲ ನೀರುಪಾಲಾಯಿತೆಂದು ನಾವು ತಲೆ ಮೇಲೆ ಕೈಹೊತ್ತು ಕೂತೆವು. "ಕೂತ್ರೆ ಗೋಡೆ ಬೀಳಲ್ಲ, ಏಳಿ" ಎಂದ ಅಕ್ಕ, ಎಳೆಯುವ ಅಭ್ಯಾಸಕ್ಕೆಂದು ಕುರ್ಚಿಗಳಿಗೆ ದಾರ ಕಟ್ಟಿಸಿ, ಓಡುವ ಹಾಡನ್ನು ಮಧ್ಯಾಹ್ನದವರೆಗೂ ಹಾಡಿಸಿದರು. ಬಡಗಿಯಣ್ಣನ ಕಂಠ ಆ ವೇಗದಲ್ಲಿ ಕೇಳಿ ಗಾಯಕಿಯೇ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲೇ ನಮ್ಮ ಕೈಗಳು ಪಳಗಿದವು.

ಚಿತ್ರೀಕರಣದಲ್ಲಿ ಒಂದೊಂದು ತುಂಡೂ ಬೀಳಬೇಕಾದಲ್ಲೇ ಬಿತ್ತು. ಉಳಿದದ್ದು ಅಕ್ಕನ ಪಾಲಿನ ಹಿಂಗೋಡೆ. ಎಳೆದ ದಾರ ಅವರ ಕೈಯಲ್ಲೇ ತುಂಡಾಯಿತು, ಗೋಡೆ ಅಲುಗಲಿಲ್ಲ. ಅಷ್ಟರಲ್ಲಿ ಅಕ್ಕ ಪರದೆಯ ಮರೆಯಿಂದ ನುಗ್ಗಿ, ಗೋಡೆಯನ್ನು ಹಿಂದಿನಿಂದ ಹಿಡಿದು, ಪದ ಬಂದ ಕ್ಷಣಕ್ಕೆ ಅದನ್ನು ತಮ್ಮತ್ತ ಎಳೆದು, ಅದರ ಜೊತೆಗೇ ತಾವೂ ಬಿದ್ದು, ಕಾಣದಂತೆ ಅದರಡಿಯಲ್ಲೇ ಮಲಗಿಬಿಟ್ಟರು. ಹಾಡು ಮುಗಿಯುವವರೆಗೆ ನಾವು ಮರೆಯಿಂದ ಕದಲುವಂತಿರಲಿಲ್ಲ. ಮುಗಿದೊಡನೆ ಓಡಿಹೋಗಿ ಹಲಗೆ ಎತ್ತಿದರೆ, ಅಕ್ಕ ಏಟು ತಿಂದು ಊದಿದ ತುಟಿಯಲ್ಲೇ ಕೇಳಿದರು: "ತಾಳಕ್ಕೆ ಸರಿಯಾಗಿ ಬಿತ್ತಾ?"

ಬಿದ್ದಿತ್ತು. ಕಾರ್ಯಾಗಾರವೂ ಉಳಿಯಿತು. ಆದರೆ ಕೊನೆಯ ದೃಶ್ಯದಲ್ಲಿ, ಬಿದ್ದ ಗೋಡೆಯ ನಡುವೆ ಸಣ್ಣದೊಂದು ಉಬ್ಬು ಕಾಣುತ್ತಿತ್ತು. ಅದನ್ನು ನೋಡಿದ್ದೇ ತಡ, ಜನ್ಮದಲ್ಲಿ ಕಂಪ್ಯೂಟರಿನ ಹೆಸರೆತ್ತದ ನಮ್ಮ ಅಕ್ಕ ನಿರ್ದೇಶಕರಿಗೆ ದುಂಬಾಲು ಬಿದ್ದರು: "ಕಂಪ್ಯೂಟರಲ್ಲಿ ಅದನ್ನ ಅಳಿಸಿಬಿಡಿ ಸಾರ್, ಮಾನ ಹೋಗುತ್ತೆ." ಅಳಿಸಕೂಡದೆಂದು ನಾವೆಲ್ಲ ಪಟ್ಟು ಹಿಡಿದೆವು. ನಾವು ಅವರ ಮಾತು ಮೀರಿದ್ದು ಅದೊಂದೇ ಸಲ.

ಪೂಜ್ಯ ಅಕ್ಕನವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಕೂಡಿಬರಲಿ, ನಿವೃತ್ತಿಯ ನಂತರವೂ ಅವರ ಕೈಗೆ ಕೆಲಸ ತಪ್ಪದಿರಲಿ. ಇಷ್ಟು ವರ್ಷಗಳಲ್ಲಿ ಅವರು ತೆರೆಯ ಮೇಲೆ ಕಾಣಿಸಿಕೊಂಡದ್ದು ಆ ಉಬ್ಬಿನಲ್ಲಿ ಮಾತ್ರ. ಕಾರ್ಯಾಗಾರಕ್ಕೆ ಹೊಸಬರು ಬಂದಾಗಲೆಲ್ಲ ನಾವು ಆ ದೃಶ್ಯವನ್ನು ನಿಲ್ಲಿಸಿ, ಬೆರಳಿಟ್ಟು ತೋರಿಸುತ್ತೇವೆ: "ನೋಡಿ, ಇವರೇ ನಮ್ಮ ಅಕ್ಕ."