ಮಾಧವಿಯ ನಾಯಿ ಸೇವೆ

ನಾಯಿ ಸತ್ತದ್ದಕ್ಕಿಂತ, ಅದನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂಬುದೇ ಮಾಧವಿಗೆ ದೊಡ್ಡ ದುಃಖವಾಗಿತ್ತು. ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಆಕೆ ಒಬ್ಬಳೇ. ಡ್ಯಾಮಿನ ಹತ್ತಿರ ಸಿಕ್ಕ ಮರಿ ಎಂದು ಅದಕ್ಕೆ ದಾಮು ಎಂದು ಹೆಸರಿಟ್ಟಿದ್ದಳು. ಹೊಸಪೇಟೆಯ ಅಣ್ಣ ಶ್ರೀಪತಿ, "ದಾಮೋದರನ ಹೆಸ್ರು ನಾಯಿಗೇನ? ಮಡಿ-ಮೈಲಿಗಿ ಎಲ್ಲಾ ಕಾಲುವಿಗೆ ಒಗದ್ಯಾ?" ಎಂದು ಬೈದು, ಅವಳ ಮನೆಯಲ್ಲಿ ನೀರು ಮುಟ್ಟುವುದನ್ನೇ ಬಿಟ್ಟ. ಆಷಾಢದಲ್ಲಿ ದಾಮು ಹೋಯಿತು. ಕಾಲುವೆ ಕಚೇರಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವಳಿಗೆ ಪಕ್ಕದ ಮೇಜಿನ ಶಿಲ್ಪಶ್ರೀ, "ನಾಯಿ ಸತ್ರ ಯಾರರ ಅಳ್ತಾರೇನ್ರಿ ಮೇಡಂ? ಇನ್ನೊಂದು ತಂದ್ರಾತು" ಎಂದಳು. ಸೀರೆ ಹರಿದರೆ ಇನ್ನೊಂದು ತರುವುದುಂಟು. ಅಂದಿನಿಂದ ಮಾಧವಿ ಬಾಯಿಗೆ ಬೀಗ ಹಾಕಿಕೊಂಡಳು.

ಕಾಲೊನಿಯ ವಾಚನಾಲಯವನ್ನು ರಜಾ ದಿನ ನೋಡಿಕೊಳ್ಳುವವಳು ಅವಳೇ. ಅಲ್ಲೊಂದು ಓದುಕೂಟ ಮಾಡಬೇಕೆನಿಸಿತು. ಬಂದವರು ನಾಯಿ ಬರುವ ಒಂದು ಕಥೆ ಓದಬೇಕು, ತಮ್ಮ ಮನೆಯ ನಾಯಿಯ ಬಗ್ಗೆ ನಾಲ್ಕು ಮಾತಾಡಬೇಕು. ಕೊನೆಗೆ ತನ್ನ ಸರದಿ. ದಾಮು ಹೋಯಿತು ಎಂದು ಜನರೆದುರು ಒಮ್ಮೆ ಬಾಯಿಬಿಟ್ಟು ಹೇಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಪಲ್ಲಕ್ಕಿ ಸೇವೆ, ಅಲಂಕಾರ ಸೇವೆ ಎನ್ನುತ್ತಲೇ ಬೆಳೆದ ವೈಷ್ಣವರ ಮನೆಯ ಹೆಣ್ಣು. ಒಳ್ಳೆಯ ಕೆಲಸಕ್ಕೆಲ್ಲ ಸೇವೆ ಎನ್ನುವುದು ನಾಲಿಗೆಗೆ ರೂಢಿ. ವಾಚನಾಲಯದ ಹೊರಗಿನ ಹಲಗೆಯ ಮೇಲೆ "ಭಾನುವಾರ ಸಂಜೆ ನಾಯಿ ಸೇವೆ. ಎಲ್ಲರೂ ಬನ್ನಿ" ಎಂದು ಬರೆದಳು. ಪುಸ್ತಕ ಎಂಬ ಮಾತೇ ಬಿಟ್ಟುಹೋಗಿದ್ದು ಆಕೆಗೆ ಹೊಳೆಯಲಿಲ್ಲ.

ಭಾನುವಾರ ಬಂತು. ಪುಸ್ತಕ ಜೋಡಿಸಿದಳು, ಚಹಾಕ್ಕೆ ಹಾಲು, ಬಾಳೆಹಣ್ಣು, ಮಂಡಕ್ಕಿ ಒಗ್ಗರಣೆ ತಂದಿಟ್ಟಳು. ಬಂದೇ ಬರುತ್ತೇನೆಂದಿದ್ದ ಶಿಲ್ಪಶ್ರೀ, ಮನೆಗೆ ಬೀಗರು ಬಂದಾರೆ ಎಂದು ಫೋನ್ ಮಾಡಿದಳು. ಬೀಗರಿಗೂ ಇದೇ ಭಾನುವಾರ ಬೇಕಾಗಿತ್ತು! ಖಾಲಿ ಕುರ್ಚಿಗಳು ಮಾಧವಿಯನ್ನು ನೋಡಿದವು, ಮಾಧವಿ ಮಂಡಕ್ಕಿಯನ್ನು ನೋಡಿದಳು. ಮಂಡಕ್ಕಿ ಮೆತ್ತಗಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಡಮರುಗದ ಸದ್ದು. ಕರಿ ಕಂಬಳಿ ಹೊದ್ದ ಮುದುಕನೊಬ್ಬ ನಿಂತಿದ್ದ. ಮೆಟ್ರಿ ಊರಿನ ಉಚ್ಚೆಂಗಪ್ಪ, ಮೈಲಾರಲಿಂಗನ ಗೊರವ. ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುವವರು. ಭಕ್ತರು ದೋಣಿ ಎಂಬ ಮರದ ಬಟ್ಟಲಿಗೆ ಹಾಲು-ಹಣ್ಣು ತುಂಬಿದರೆ ಬೊಗಳಿ, ಬಾಯಿ ಹಾಕಿ ಉಣ್ಣುತ್ತಾರೆ; ಅದೇ ಅವರ ನಾಯಿ ಸೇವೆ.

"ಮಗಳ ಮನೀಗೆ ಬಂದಿದ್ನೆವ್ವಾ. ನಾಯಿ ಸೇವಾ ಐತಂತ ಬರದಿತ್ತಂತ. ದೋಣಿ ತುಂಬೋರು ಯಾರು?"

ಮಾಧವಿಗೆ ತನ್ನ ತಪ್ಪು ಆಗ ತಿಳಿಯಿತು. ನಾಚಿಕೆಯಿಂದ, "ಇದು ಪುಸ್ತಕದ ಕಾರ್ಯಕ್ರಮ ಇತ್ರಿ ಅಜ್ಜಾರ. ಯಾರೂ ಬರ್ಲಿಲ್ಲ" ಎಂದಳು.

ಉಚ್ಚೆಂಗಪ್ಪ ಹೋಗಲಿಲ್ಲ. ಕುರ್ಚಿಗಳನ್ನೂ ಅವಳ ಮುಖವನ್ನೂ ನೋಡಿದ. "ನಿಮ್ಮನಿ ನಾಯಿ ಎಲ್ಲೈತೆವ್ವಾ?"

ಇಷ್ಟು ದಿನ ಯಾರೂ ಕೇಳದ ಮಾತು. ಸಿದ್ಧ ಮಾಡಿಕೊಂಡಿದ್ದ ಭಾಷಣವೆಲ್ಲ ಒಂದೇ ಮಾತಾಯಿತು. "ಹೋತ್ರಿ" ಎಂದಳು.

"ಹೆಸ್ರು?"

"ದಾಮು."

"ದಾಮು" ಎಂದು ಮುದುಕನೂ ಒಮ್ಮೆ ಹೇಳಿದ. ಇನ್ನೊಂದು ತಂದುಕೋ ಎನ್ನಲಿಲ್ಲ. ಜೋಳಿಗೆಯಿಂದ ದೋಣಿ ತೆಗೆದು ನೆಲಕ್ಕಿಟ್ಟು, "ಹಂಗಾರ ಅದರ ಹೆಸರ್ಲೆ ತುಂಬು, ತಾಯಿ" ಎಂದ.

ಚಹಾದ ಹಾಲನ್ನೇ ಸುರಿದಳು, ಬಾಳೆಹಣ್ಣು ಕಿವುಚಿ ಹಾಕಿದಳು. ಉಚ್ಚೆಂಗಪ್ಪ ಮೊಣಕಾಲೂರಿ ತಲೆಯೆತ್ತಿ ಬೊಗಳಿದ. ಕಾಲೊನಿಯ ನಾಯಿಗಳೆಲ್ಲ ತಿರುಗಿ ಬೊಗಳತೊಡಗಿದವು. ದಾಮು ಇದ್ದಾಗ, ಯಾರೇ ಬೊಗಳಿದರೂ ಎಲ್ಲಕ್ಕಿಂತ ಮೊದಲು ಓಗೊಡುತ್ತಿದ್ದುದು ಅವಳ ಮನೆ. ಆ ಮನೆಯ ಕಡೆ ಕಿವಿಗೊಟ್ಟು ನಿಂತಳು. ಅಲ್ಲಿಂದ ಏನೂ ಕೇಳಲಿಲ್ಲ.

ಮಾಧವಿ ಬಿಕ್ಕಿ ಬಿಕ್ಕಿ ಅತ್ತಳು. ದೋಣಿಗೆ ಬಾಯಿ ಹಾಕಿದ ಉಚ್ಚೆಂಗಪ್ಪ ಅವಳ ಅಳು ನಿಲ್ಲುವವರೆಗೂ ಮುಖ ಎತ್ತಲಿಲ್ಲ.