ಬಿಲದ ರಾಗಿ

ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುವ ಹೆಂಗಸು ನಾನು. ಹಲ್ಲಿ ಲೊಚಗುಟ್ಟಿದರೆ ಕೂತು ಹೊರಡುವ ನಮ್ಮ ಯಜಮಾನರನ್ನು ಎಷ್ಟು ಆಡಿಕೊಂಡಿದ್ದೇನೋ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಹೊಲದಲ್ಲೇ ನಡೆದದ್ದಕ್ಕೆ ಏನು ಹೇಳಬೇಕೋ ಇವತ್ತಿಗೂ ತಿಳಿಯದು. ನೆನೆದರೆ ಊಟ ಸೇರುವುದಿಲ್ಲ.

ಹೊಸಕೋಟೆಯ ಆಚೆ ನಮ್ಮದೊಂದು ರಾಗಿ ಹೊಲ. ಅದರ ಬದುವಿಗೆ ಅಂಟಿಕೊಂಡೇ ಕಾರ್ಖಾನೆಗಳ ನೀರು ಹರಿಯುವ ಕಾಲುವೆ. ಒಂದು ದಿನ ಕಪ್ಪು, ಇನ್ನೊಂದು ದಿನ ಹಸಿರು, ಮೇಲೆ ಎಣ್ಣೆಯ ಪೊರೆ. ಆ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು, ಅಲ್ಲಿ ಬೆಳೆದದ್ದನ್ನು ಮಾತ್ರ ತಿನ್ನುತ್ತಿದ್ದೆವು. ಥೂ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಮಗುವಿನ ಮೊದಲ ರಾಗಿ ಸರಿಗೆ ಇಲಿಯ ಬಿಲದಿಂದ ತೆಗೆದ ತೆನೆಯೇ ಆಗಬೇಕೆಂಬುದು ನಮ್ಮ ಮನೆಯ ರೂಢಿ. ಇಲಿ ಹೊಲವೆಲ್ಲ ಸುತ್ತಿ ಗಟ್ಟಿ ತೆನೆಯನ್ನೇ ಆರಿಸಿ ಒಯ್ಯುತ್ತದೆ ಎನ್ನುತ್ತಿದ್ದರು ನಮ್ಮತ್ತೆ. ಮಗಳು ಬಾಣಂತನಕ್ಕೆ ಬಂದು ಇಲ್ಲೇ ಇದ್ದಳು, ಮೊಮ್ಮಗನಿಗೆ ಸರಿ ತಿನ್ನಿಸುವ ಕಾಲ ಬಂದಿತ್ತು. ಕುಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ನಾನೂ ಯಜಮಾನರೂ ಗುದ್ದಲಿ ಹಿಡಿದು ಹೋದೆವು.

ಬದುವಿನ ಬಿಲ ಅಗೆದಾಗ ತೆನೆ ಸಿಕ್ಕಿತು, ಜೊತೆಗೆ ಮರಿಗಳೂ. ಮೈಮೇಲೆ ಕೂದಲು ಬಂದಿತ್ತು, ಆದರೆ ಕಣ್ಣಿರಬೇಕಾದಲ್ಲಿ ಬರೀ ಚರ್ಮ. ಹಿಂಗಾಲಿನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲ ಮರಿಗಳೂ ಹಾಗೇ.

ಬಿಲ ಕೆದಕಿದರೆ ತಾಯಿ ಇಲಿ ಮರಿ ಕಚ್ಚಿಕೊಂಡು ಪೊದೆಗೆ ಓಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇದು ಓಡಲಿಲ್ಲ. ಒಂದು ಮರಿಯನ್ನು ಬಾಯಲ್ಲಿ ತಂದು ನನ್ನ ಪಾದದ ಮೇಲೆ ಇಟ್ಟಿತು. ಹಿಂದಿರುಗಿ ಇನ್ನೊಂದನ್ನು ತಂದಿತು. ಅಸಹ್ಯಪಟ್ಟು ಕಾಲು ಕೊಡವಿದೆ. ಕೆಳಗೆ ಬಿದ್ದದ್ದನ್ನು ಕಚ್ಚಿ ಮತ್ತೆ ಅಲ್ಲಿಗೇ ತಂದಿಟ್ಟಿತು.

"ಹಿಂಗೆ ಎಲ್ಲೂ ಕಂಡಿಲ್ಲ ಕಣೇ, ಬಾ ಹೋಗೋಣ," ಎಂದರು ಯಜಮಾನರು. ತೆನೆ ಅಲ್ಲೇ ಬಿಟ್ಟು ಬಂದೆವು.

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನ್ನ ತಮ್ಮನಿಗೆ ಅಂದೇ ಫೋನ್ ಮಾಡಿದೆ.

"ಸೀಸ, ಕ್ಯಾಡ್ಮಿಯಂ ಎಲ್ಲಾ ಆ ನೀರಲ್ಲಿ ಬರ್ತವೆ ಅಕ್ಕ. ಮೈಗೆ ಸೇರಿದ್ರೆ ವಂಶವಾಹಿಗೇ ಪೆಟ್ಟು ಬೀಳಬಹುದು. ಆಮೇಲೆ ಅದು ಮರಿಗೆ, ಮರಿಯ ಮರಿಗೆ ಇಳೀಬಹುದು. ಪರೀಕ್ಷೆ ಮಾಡ್ದೆ ಹೇಳಕ್ಕಾಗಲ್ಲ."

"ಅದ್ಸರಿ ಕಣೋ, ತಂದು ನನ್ ಕಾಲ್ ಮೇಲೆ ಯಾಕಿಡ್ತು?"

"ಅದು ನಂಗೊತ್ತಿಲ್ಲ," ಎಂದ.

ಮರುದಿನ ಬೆಳಿಗ್ಗೆ ಮಗುವಿಗೆ ನೀರೆರೆಯಲು ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದೆ. ಮಗಳು ಎಂದಿನಂತೆ ಅವನನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಬಸುರಿನಲ್ಲಿ, ಬಾಣಂತನದಲ್ಲಿ ಅವಳು ಉಂಡದ್ದೆಲ್ಲ ಆ ಹೊಲದ ರಾಗಿಯೇ. ಚೊಂಬು ಕೆಳಗಿಟ್ಟು ಅವನ ಪುಟ್ಟ ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿದೆ. ಚೆನ್ನಾಗಿಯೇ ಇದ್ದವು.

"ಏನಮ್ಮ ನೋಡ್ತಿದೀಯಾ?" ಎಂದಳು. ಏನೂ ಇಲ್ಲ ಎಂದೆ.

ಆಮೇಲೆ ಆ ಹೊಲದ ರಾಗಿ ನಮ್ಮ ಮನೆಯಲ್ಲಿ ಬೀಸಲಿಲ್ಲ. ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ. ಆ ಇಲಿ ಅಷ್ಟು ಬಯಲು ಬಿಟ್ಟು ನನ್ನ ಪಾದಕ್ಕೇ ಏಕೆ ಬಂತೋ, ನನಗೆ ಅರ್ಥವಾಗಿಲ್ಲ. ಮೊಮ್ಮಗನ ಬೆರಳುಗಳನ್ನು ನೋಡಿದೆ. ಅವನ ಮಕ್ಕಳದ್ದನ್ನು ನೋಡಲು ನಾನಿರುವುದಿಲ್ಲ.